ಹಸುವಿನ ಜೊತೆ ಬಂದವಳು

ಹಾಲು ತಳ ಹಿಡಿದ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಶಿಡ್ಲಘಟ್ಟದ ನಮ್ಮ ಮನೆ ಈಗಿಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಎದ್ದಿದೆ. ಆದರೂ ಆ ವಾಸನೆ ಬಂದರೆ ಸಾಕು, ಮಸಿ ಹಿಡಿದ ಅಡುಗೆಮನೆ, ಪಕ್ಕದ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸುವಾಗ ಗೋಡೆ ದಾಟಿ ಬರುತ್ತಿದ್ದ ಘಾಟು, ಹಿತ್ತಿಲಲ್ಲಿ ಒಣಗುತ್ತಿದ್ದ ಹಿಪ್ಪುನೇರಳೆ ಕಡ್ಡಿ ಎಲ್ಲವೂ ಎದುರು ಬಂದು ನಿಲ್ಲುತ್ತವೆ. ಅವುಗಳ ಜೊತೆಗೆ ಮಂಜುಳನೂ ಬರುತ್ತಾಳೆ. ಅವಳನ್ನು ಬಿಟ್ಟು ಆ ಮನೆಯನ್ನು ನೆನೆಯೋಣವೆಂದರೆ ಆಗುವುದೇ ಇಲ್ಲ, ಏನು ಮಾಡಲಿ!

ಮಂಜುಳ ನನ್ನ ಸೋದರಮಾವನ ಮಗಳು. ಕೈವಾರದ ಆಚೆಯ ಅವರ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲವಾದ್ದರಿಂದ ನಮ್ಮ ಮನೆಯಲ್ಲಿದ್ದು ಓದಲು ಬಂದಳು. ಬಂದಿದ್ದು ಟೆಂಪೋದಲ್ಲಿ, ಹಾಲು ಕರೆಯುವ ಒಂದು ಹಸುವಿನ ಜೊತೆ. "ಬಿಟ್ಟಿ ಕೂಳು ತಿಂದ್ಲು ಅಂತ ಯಾರೂ ಅನ್ಬಾರ್ದು ಅಕ್ಕಾ. ಇವಳಿರೋವರ್ಗೂ ಹಸು ಇಲ್ಲೇ ಇರ್ಲಿ" ಅಂದ ಮಾವ. ಅಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಮಾವ ಅತ್ತ ಹೋಗುತ್ತಲೇ, "ನೆಂಟ್ರ ಮಗಳ ಊಟಕ್ಕೆ ಬೆಲೆ ಕಟ್ಟೋದಾ? ಬೀದಿಯೋರು ಏನಂತಾರೆ?" ಎಂದು ಕೂಗಾಡಿದರು. ಅಮ್ಮ ಹಸುವಿಗೆ ನೀರಿಡುತ್ತಾ, "ಕಟ್ಟದಿದ್ರೆ ಆ ಮಗು ಎರಡನೇ ಸಲ ಸಾರು ಹಾಕಿಸ್ಕೊಳಲ್ಲ, ಸುಮ್ನಿರಿ" ಅಂದಳು. ಅಪ್ಪ ಸುಮ್ಮನಾದರು.

ಸುಮ್ಮನಾಗದವಳು ನಾನು. ಅಲ್ಲಿಯವರೆಗೆ ಆ ಮನೆಗೆ ನಾನೊಬ್ಬಳೇ ಮಗಳು. ಈಗ ಬೆಳಿಗ್ಗೆ ಕಾಯಿಸಿದ ಹಾಲಿನ ಮೊದಲ ಲೋಟ ಅವಳಿಗೆ, ಕೆನೆ ಅವಳಿಗೆ, ಮುದ್ದೆಯ ಮೇಲಿನ ತುಪ್ಪ ಅವಳಿಗೆ. ತಳದ ಸೀಕಲು ಕೆರೆದು ತಿನ್ನುವವಳು ನಾನು. ಅತ್ತಿಗೆ ಅನ್ನು ಎಂದು ಅಮ್ಮ ಎಷ್ಟು ಹೇಳಿದರೂ ನಾನು ಬೇಕೆಂದೇ ಹೆಸರು ಹಿಡಿದು ಕೂಗುತ್ತಿದ್ದೆ. ಅಮ್ಮ ಅವಳಿಗೆ ಒಂದು ಗಟ್ಟಿ ಮಾತಾಡಿದವಳಲ್ಲ. "ಸಾಕೇನಮ್ಮಾ? ಇನ್ನೊಂಚೂರು ಹಾಕ್ಲಾ?" ಎಂದೇ ಬಡಿಸುವಳು. ನನಗೋ ದಿನಾ ಬೈಗುಳ, ಅದೂ ತವರಿನ ತೆಲುಗಿನಲ್ಲಿ: "ನೀ ಮೊಹಂ ಮಂಡ!" ನಿನ್ನ ಮುಖಕ್ಕೆ ಬೆಂಕಿ ಬೀಳ, ಅಂತ. ಒಂದು ಸಂಜೆ ನಾನೂ ಕೆರೆಯಂಗಳಕ್ಕೆ ಹೋಗಿ, ಕೈ ಕುಯ್ದುಕೊಂಡು, ಒಂದು ಹೊರೆ ಹುಲ್ಲು ತಂದು ಅಡುಗೆಮನೆ ಬಾಗಿಲಲ್ಲಿ ಕೆಡವಿದೆ. "ತಗೋ, ನಾನೂ ಕೊಟ್ಟಿದೀನಿ. ನಾಳೆ ಕೆನೆ ನಂಗೆ" ಅಂದೆ. ಅಮ್ಮ ಸೌಟು ಹಿಡಿದೇ ಎದ್ದು ಬಂದಳು. "ಹೆತ್ತೋಳ ಹತ್ರ ಲೆಕ್ಕ ಹೇಳ್ತೀಯೇನೇ, ಮುಂಡೇದೆ!" ಎಂದು ಬೆನ್ನಿಗೆ ಎರಡು ಬಾರಿಸಿ, ಆಮೇಲೆ ಕುಯ್ದ ಬೆರಳಿಗೆ ಅರಿಶಿನ ಒತ್ತುತ್ತಾ ಮತ್ತೆ ಬೈದಳು. ಮಂಜುಳ ಲೋಟ ಹಿಡಿದು ಕಂಬದ ಹತ್ತಿರ ನಿಂತು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು. ನೋಡು ನೋಡು, ಎಷ್ಟು ಖುಷಿಯೋ ಎಂದು ನಾನು ಹಲ್ಲು ಕಡಿದೆ.

ಹತ್ತನೇ ಕ್ಲಾಸು ಮುಗಿದ ಮೇಲೆ ಅವಳೂ ಹೋದಳು, ಹಸುವೂ ಹೋಯಿತು. ಅಮ್ಮ ಆ ವಾರವೆಲ್ಲ ಹಿತ್ತಿಲಿಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದಳು. ಅದು ಹಸುವಿಗಾಗಿಯೋ ಹುಡುಗಿಗಾಗಿಯೋ ಕೇಳುವ ಧೈರ್ಯ ನನಗಾಗಲಿಲ್ಲ. ಮುಂದೆ ಅಪ್ಪ ತೀರಿಹೋದರು, ಮನೆ ಮಾರಿದ್ದಾಯಿತು, ಅಮ್ಮ ಚಿಕ್ಕಬಳ್ಳಾಪುರದಲ್ಲಿ ನನ್ನ ಜೊತೆಗೇ ಇದ್ದಳು. ಕಡೆಯ ವರ್ಷ ಅವಳಿಗೆ ನೆನಪು ಕೈಕೊಟ್ಟಿತು. ಸ್ನಾನ ಮಾಡಿಸುವ, ಊಟ ಮಾಡಿಸುವ ನನ್ನನ್ನು ಯಾರೋ ಅಂದುಕೊಂಡು "ನಿಮಗೆ ತೊಂದ್ರೆ ಕೊಟ್ಬಿಟ್ಟೆ ಕಣಮ್ಮಾ" ಅನ್ನುತ್ತಿದ್ದಳು. ಹಾಳಾದ್ದು, ಆ "ನಿಮಗೆ" ಕೇಳಿದರೆ ನನ್ನ ಜೀವ ಹೋಗುತ್ತಿತ್ತು.

ಒಂದು ಭಾನುವಾರ ಚಿಂತಾಮಣಿಯಿಂದ ಮಂಜುಳ ನೋಡಲು ಬಂದಳು. ಅವಳು ಒಳಗೆ ಕಾಲಿಟ್ಟದ್ದೇ ತಡ, ಅಮ್ಮ ಮಂಚದ ಮೇಲೆ ಎದ್ದು ಕೂತಳು. "ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟೊತ್ತು? ತಲೆ ನೋಡು, ಕಾಗೆಗೂಡು! ಬಾ ಇಲ್ಲಿ!" ನರೆತ ಕೂದಲಿನ ಮಂಜುಳ ನೆಲದ ಮೇಲೆ ಕೂತು ಬಾಚಿಸಿಕೊಳ್ಳಲು ತಲೆ ಕೊಟ್ಟಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಅತ್ತೆ ಬೈದ್ರು ಕಣೇ, ಕೇಳಿಸ್ಕೊಂಡ್ಯಾ? ಆ ಮನೇಲಿದ್ದಷ್ಟು ದಿನ ಒಂದ್ಸಲಾನೂ ಬೈಲಿಲ್ಲ. ನೀನು ಏಟು ತಿನ್ನೋದು ನೋಡಿ ನಂಗೆಷ್ಟು ಹೊಟ್ಟೆಕಿಚ್ಚು ಆಗ್ತಿತ್ತು ಗೊತ್ತಾ?" ನಾನು ಕೈಯಲ್ಲಿದ್ದ ನೀರಿನ ಚೊಂಬನ್ನು ಬೇಕಂತಲೇ ನೆಲಕ್ಕೆ ಬಿಟ್ಟೆ. ಠಣ್ಣೆಂದು ಬಿದ್ದು ನೀರೆಲ್ಲ ಹರಿಯಿತು. ಬೈಯಮ್ಮಾ, ಒಂದೇ ಒಂದು ಸಲ ಬೈಯಿ ಎಂದು ಅಮ್ಮನ ಮುಖವನ್ನೇ ನೋಡಿದೆ.

ಅಮ್ಮ ನಕ್ಕಳು. "ಪರ್ವಾಗಿಲ್ಲ ಬಿಡೀಮ್ಮಾ, ನೀವು ಕೂತ್ಕೊಳ್ಳಿ. ನಮ್ಮ ಹುಡುಗಿ ಒರೆಸ್ತಾಳೆ" ಅಂದಳು.

ಮಂಜುಳ ಎದ್ದು ಬಟ್ಟೆ ತಂದಳು. ಅವಳು ಒರೆಸುತ್ತಾ ಬಂದಂತೆ ಕುರ್ಚಿಯಲ್ಲಿ ಕೂತ ನಾನು, ನೆಂಟರು ಮಾಡುವ ಹಾಗೆ, ಕಾಲೆತ್ತಿಕೊಂಡು ಜಾಗ ಬಿಟ್ಟೆ.