ಸ್ಟೂಲಿನ ಮೇಲಿಟ್ಟ ತೂಕ

ಚಿಗವ್ವನ ನೆತ್ತಿಯ ಮೇಲೆ ಅಂಗೈಯಗಲ ಕೂದಲಿರಲಿಲ್ಲ. ಇಪ್ಪತ್ತು ವರ್ಷ ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ಸವೆದ ಜಾಗ ಅದು. ಯಾರಾದರೂ ದಿಟ್ಟಿಸಿದರೆ, "ಏನ್ ನೋಡ್ತೀ? ಹತ್ತ ಬಿಲ್ಡಿಂಗ್ ಅದಾವ ಅಲ್ಲೆ" ಎಂದು ನಗುತ್ತಿದ್ದಳು.

ಯಾದಗಿರಿ ಕಡೆಯವಳು. ಚಿಕ್ಕಮ್ಮನೆಂದು ಕರೆದರೂ ನನಗೆ ರಕ್ತಸಂಬಂಧವೇನಲ್ಲ, ಪುಣೆಯ ನಿಗಡಿಯಲ್ಲಿ ಪಕ್ಕದ ಖೋಲಿಯವಳು. ಆಫೀಸಿನ ಕೆಲಸಕ್ಕೆಂದು ಒಬ್ಬಳೇ ಬಂದ ನನಗೆ ಜ್ವರ ಹತ್ತಿದಾಗ ಮೂರು ದಿನ ಕೆಲಸ ಬಿಟ್ಟು ಜೊತೆಗಿದ್ದಳು. ಅಂದಿನಿಂದ ಮುಂಜಾನೆ ಬಾಗಿಲು ಬಡಿದು "ಏನರೆ ತಿಂದ್ಯೋ ಇಲ್ಲೋ?" ಎಂದು ಜೋರು ಮಾಡದೆ ಹೋದವಳಲ್ಲ.

ಒಂದು ದಿನ ಹಡಪಸರದಲ್ಲಿ, ಕೆಲಸದ ಜಾಗದೆದುರು ರಸ್ತೆ ದಾಟುವಾಗ ಅವಳಿಗೆ ಟೆಂಪೊ ಗುದ್ದಿತು. ಸೊಂಟದ ಕೀಲಿನ ಬಟ್ಟಲೇ ಒಡೆದು ತೊಡೆಯೆಲುಬು ಹೊರಗೆ ಸರಿದಿತ್ತು. ಡಾಕ್ಟರು ಅದನ್ನು ಕೂಡಿಸಿ, ಆಪರೇಶನ್ ಆಗುವವರೆಗೆ ಮತ್ತೆ ಸರಿಯದಿರಲೆಂದು ಮೊಣಕಾಲಿನ ಹತ್ತಿರ ಎಲುಬಿಗೆ ಕಂಬಿ ತೂರಿಸಿ, ಹಗ್ಗ ಕಟ್ಟಿ ತೂಕ ನೇತುಹಾಕಿದರು. ತೂಕ ಯಾವುದಕ್ಕೂ ತಾಗಬಾರದು ಎಂದು ಮರಾಠಿಯಲ್ಲಿ ನನಗೇ ಎರಡೆರಡು ಸಲ ಹೇಳಿದರು.

ಮರುದಿನ ಮಧ್ಯಾಹ್ನ, ಎಂದೂ ಅಳದವಳು ಅತ್ತಳು. "ಕಾಲ ಕಿತ್ತ ಹೊಂಟದ ಯವ್ವಾ, ಒಂದೀಟ ಎತ್ತ." ನನಗೆ ತಡೆಯಲಾಗಲಿಲ್ಲ. ತೂಕವನ್ನೆತ್ತಿ ಸ್ಟೂಲಿನ ಮೇಲಿಟ್ಟೆ. "ಜೀವ ಬಂತು" ಎಂದವಳೇ ನಿದ್ದೆ ಹೋದಳು. ಎಬ್ಬಿಸಲು ಮನಸ್ಸಾಗದೆ ಹಾಗೇ ಬಿಟ್ಟೆ.

ಸಂಜೆ ಡಾಕ್ಟರು ಬಂದು ನೋಡಿದರೆ ಎಲುಬು ಮತ್ತೆ ಸರಿದಿತ್ತು. "ಕುಣೀ ಕೇಲಂ ಹೇ?" ಯಾರು ಮಾಡಿದ್ದು ಎಂದು ವಾರ್ಡೇ ನಡುಗುವ ಹಾಗೆ ಕೂಗಿದರು. ಹೇಳಬೇಕೆಂದಿದ್ದೆ ಎಂದರೆ ಅದೂ ಸುಳ್ಳು. "ಮೀಚ್, ಸಾಹೇಬ." ನಾನೇ ಎಂದಳು ಚಿಗವ್ವ. ಅಡಾಣಿ, ಬುದ್ಧಿಯಿಲ್ಲದವಳು ಎಂದು ಡಾಕ್ಟರು ಅವಳ ಮೇಲೆ ಹರಿಹಾಯ್ದರು. ಬಿ.ಕಾಂ. ಓದಿದ ನಾನು ಫೈಲು ಹಿಡಿದು ಸುಮ್ಮನೆ ನಿಂತಿದ್ದೆ.

ಆಪರೇಶನ್ ಆಯಿತು. ಲೋಹದ ಪಟ್ಟಿ, ಸ್ಕ್ರೂ ಎಲ್ಲ ಹಾಕಿದರು. ಆದರೆ ಸರಿದ ಎಲುಬು ಕೀಲನ್ನು ಉಜ್ಜಿ ಕೆಡಿಸಿಬಿಟ್ಟಿತ್ತು. ಕೋಲೂರಿ ನಡೆದಳು, ಮೆಟ್ಟಿಲು ಹತ್ತಲಾಗಲಿಲ್ಲ, ಇಟ್ಟಿಗೆ ಹೊರುವುದಂತೂ ಮುಗಿದೇಹೋಯಿತು. ಬಾಗಿಲಲ್ಲಿ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು, "ದವಾಖಾನ್ಯಾಗ ನನ್ನ ನೋವು ತಿಳದಾಕಿ ಇಕಿ ಒಬ್ಬಾಕೀನ." ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಅದೂ ಅವಳ ಮೇಲೆಯೇ. ಒಮ್ಮೆಯಾದರೂ ನನ್ನನ್ನು ಬೈಯಬಾರದಿತ್ತೇ!

ಹೋದ ವರ್ಷ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ, ಊರಿಂದ ಬಂದಿದ್ದ ಅವಳ ಮಗಳು ನನ್ನ ಕೈ ಹಿಡಿದು ಅತ್ತಳು. "ನಮ್ಮವ್ವ ಹಠ ಮಾಡಿ ಕಾಲ ಕೆಡಿಸ್ಕೊಂಡ್ಳು. ನೀವರೆ ಏನ್ ಮಾಡ್ತೀರ್ರಿ ಅಕ್ಕಾ? ಹೆತ್ತ ಮಗಳಕಿಂತ ಹೆಚ್ಚ ನೋಡ್ಕೊಂಡ್ರಿ."

ಅವಳ ಕಣ್ಣೊರೆಸಿದೆ. ಹೌದು, ಚಿಗವ್ವ ಭಾಳ ಹಠಮಾರಿ ಎಂದೆ.