ಗುರ್ಜವ್ವನಿಗೆ ರಜೆ ಕೊಟ್ಟ ಪದ್ಯ

ಯಾದಗಿರಿಯಲ್ಲಿ ಮಕ್ಕಳ ಶಿಬಿರವಿರಲಿ, ಶಹಾಪುರದಲ್ಲಿ ಯಾವುದೋ ಶಾಲೆಯ ಸಮಾರಂಭವಿರಲಿ, ಕರೆದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಮಕ್ಕಳಿಗೆ ಪದ್ಯಾ ಬರಿಯೋದು ಹ್ಯಾಂಗ್ರಿ?" ಇಷ್ಟು ವರ್ಷ ಬರೆದವಳಿಗೆ ಉತ್ತರ ಗೊತ್ತಿರಬೇಕು. ಗೊತ್ತಿಲ್ಲ. ಪ್ರಾಸದ ಬಗ್ಗೆ ಏನೋ ನಾಲ್ಕು ಮಾತು ಹೇಳಿ, ಚಹಾ ಕುಡಿದು, ಸುರಪುರದ ಬಸ್ಸು ಹತ್ತುತ್ತೇನೆ. ಕಿಟಕಿಯ ಪಕ್ಕ ಕೂತ ಮೇಲೆ, ಹಿಂದೊಮ್ಮೆ ಒಬ್ಬ ಹೆಣ್ಣುಮಗಳು ಕೇಳಿದ ಬೇರೆಯೇ ಪ್ರಶ್ನೆ ನೆನಪಾಗುತ್ತದೆ. ಅದರ ಉತ್ತರವೂ ನನ್ನ ಹತ್ತಿರ ಇಲ್ಲ.

ಆಗ ನಾನು ಸುರಪುರ ಮತ್ತು ಕಕ್ಕೇರಾದ ನಡುವಿನ ಒಂದು ಹಳ್ಳಿಯಲ್ಲಿ ಟೀಚರ್ ಆಗಿದ್ದೆ. ಊರಿನವರ ಬಾಯಲ್ಲಿ 'ಅಕ್ಕೋರು'. ಶನಿವಾರ ಬೆಳಗಿನ ಶಾಲೆ. ಅದರ ಕಡೆಯ ಗಂಟೆ ಪದ್ಯದ್ದು. ವಾರವಿಡೀ ತಲೆಯಲ್ಲಿ ಕುಣಿದ ಪದ್ಯವನ್ನು ಶಾಲೆಯ ಹೊರಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೆ. ಮಕ್ಕಳು ಅದನ್ನು ಒದರಿ ಒದರಿ ಬಾಯಿಪಾಠ ಮಾಡಿ ಸೋದರಮಾವನ ಊರಿಗೆ, ಅಕ್ಕನ ಊರಿಗೆ ಒಯ್ಯುತ್ತಿದ್ದರು. ಒಮ್ಮೆ ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಕೂಸೊಂದು ಶೇಂಗಾ ತಿನ್ನುತ್ತ ನನ್ನದೇ ಪದ್ಯ ಹಾಡುತ್ತಿತ್ತು. ನಡುವೆ ಎರಡು ಮಾತು ತಾನೇ ಸೇರಿಸಿತ್ತು, ಕಳ್ಳ ಕೂಸು! ಆ ದಿನ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ.

ಆ ಊರಿಗೆ ಕಾಲುವೆ ಬಂದ ವರ್ಷ ನಾನೂ ಮಕ್ಕಳ ಜೊತೆ ಓಡಿದ್ದೆ. ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಬರುತ್ತಿತ್ತು. ಹೆಂಗಸರು ಗಂಗವ್ವನಿಗೆ ಉಡಿ ತುಂಬಿ ಕಾಯಿ ಒಡೆದರು. ಮುದುಕನೊಬ್ಬ ನೀರಿನಲ್ಲಿ ಕೈಯಿಟ್ಟು ಮಗುವಿನ ಹಾಗೆ ಅತ್ತ. ಮಳೆ ಬಾರದ ವರ್ಷ ಈ ಮಕ್ಕಳು ಮಳೆ ಬೇಡುತ್ತ ಗುರ್ಜಿ ಹೊರುವುದನ್ನು ನಾನು ಬಲ್ಲೆ. ರೊಟ್ಟಿ ಬೇಯಿಸುವ ಹಂಚಿನ ಮೇಲೆ ಸೆಗಣಿಯ ಗುರ್ಜವ್ವನನ್ನು ಕೂರಿಸಿ, ಗರಿಕೆ ಸಿಗಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮನೆಯಾಕೆ ಗುರ್ಜವ್ವನ ಮೇಲೆ ಒಂದು ತಂಬಿಗೆ ನೀರು ಸುರಿದು, ಮೊರದಲ್ಲಿ ಜೋಳ ಹಾಕಬೇಕು. ಇನ್ನು ಆ ಫಜೀತಿ ಯಾಕೆ ಎಂದುಕೊಂಡು ಅಂದು ಸಂಜೆಯೇ ಕೂತು ಬರೆದೆ:

ಸಾಕು ಗುರ್ಜವ್ವ, ಹಂಚು ಇಳಿಸು,
ನೆತ್ತಿ ಮ್ಯಾಲಿನ ನೀರು ಒರೆಸು.
ಕಾಲುವಿ ಬಂದದ ಕುಣಕೋತ,
ನೀ ಮಲಗವ್ವ ಗೊರಕಿ ಹೊಡಕೋತ.

ಮಕ್ಕಳು ಗೊರಕೆ ಹೊಡೆದೂ ಹೊಡೆದೂ ನಕ್ಕರು. ನನ್ನ ಯಾವ ಪದ್ಯವೂ ಅಷ್ಟು ದೂರ ಹೋಗಿರಲಿಲ್ಲ.

ನನಗೆ ಕಾಣದೆ ಹೋದದ್ದು ಒಂದಿತ್ತು. ಕಾಲುವೆ ಊರನ್ನು ಎರಡು ಮಾಡಿತ್ತು. ಕೆಳಗಿನ ಓಣಿಯವರ ಹೊಲಕ್ಕೆ ನೀರು ಇಳಿಯಿತು, ಅವರು ಭತ್ತ ಹಚ್ಚಿದರು. ಮೇಲಿನ ಓಣಿಯವರ ತೊಗರಿ ಹೊಲಗಳು ಏರಿನ ಮೇಲಿದ್ದವು. ನೀರು ಏರು ಹತ್ತುತ್ತದೆಯೇ? ಸಣ್ಣ ಕೂಸಿಗೂ ಗೊತ್ತಿರುವ ಮಾತು. ಆದರೆ ನನ್ನ ಬಸ್ಸು ನಿಲ್ಲುವುದು ಕೆಳಗೆ, ಶಾಲೆ ಇರುವುದು ಕೆಳಗೆ. ಮೇಲಿನ ಓಣಿಗೆ ನಾನು ಹತ್ತಿ ನೋಡಿರಲೇ ಇಲ್ಲ.

ಮುಂದಿನ ವರ್ಷ ಮಳೆ ಕೈಕೊಟ್ಟಿತು. ಆರಿದ್ರಾ ಹೋಯಿತು, ಪುನರ್ವಸು ಹೋಯಿತು. ಎಲ್ಲೋ ಮಹಾರಾಷ್ಟ್ರದ ಕಡೆ ಸುರಿದು ಡ್ಯಾಮು ತುಂಬಿ ಕಾಲುವೆ ದಡ ಮುಟ್ಟಿ ಹರಿಯುತ್ತಿತ್ತು. ನಮ್ಮ ತಲೆಯ ಮೇಲೆ ಮಾತ್ರ ಒಂದು ಹನಿ ಇಲ್ಲ. ಒಂದು ಮಧ್ಯಾಹ್ನ ಮೇಲಿನ ಓಣಿಯ ಮಕ್ಕಳು ಗುರ್ಜಿ ಹೊತ್ತು ಕೆಳಗೆ ಬಂದರು. ಹೊತ್ತವಳು ನನ್ನ ನಾಲ್ಕನೆಯ ತರಗತಿಯ ಹುಡುಗಿ. ಅಂಥ ಗಂಟಲು ಇಡೀ ಶಾಲೆಯಲ್ಲಿ ಇನ್ನೊಂದಿರಲಿಲ್ಲ.

ಅವಳು ಹಾಡು ಎತ್ತುವುದಕ್ಕೂ ಕೆಳಗಿನ ಓಣಿಯ ಮಕ್ಕಳು ಶಾಲೆಯ ಕಟ್ಟೆಯ ಮೇಲಿಂದ ಕೂಗುವುದಕ್ಕೂ ಸರಿಹೋಯಿತು: "ಸಾಕು ಗುರ್ಜವ್ವ, ಹಂಚು ಇಳಿಸು!" ಒಬ್ಬ ಮನೆಯಾಕೆ ಸೆರಗು ಬಾಯಿಗಿಟ್ಟು ನಕ್ಕಳು. "ಅಕ್ಕೋರೇ ಬರದಾರಲ್ಲ, ಗುರ್ಜವ್ವಗ ರಜಾ ಅಂತ! ಹೋಗ್ರಿ, ಹೋಗ್ರಿ." ಬಾಗಿಲು ಮುಂದೆ ಮಾಡಿದಳು. ಪಕ್ಕದ ಮನೆಯವಳೂ ಹಾಗೇ ಮಾಡಿದಳು. ಒಂದು ತಂಬಿಗೆ ನೀರೂ ಬೀಳಲಿಲ್ಲ.

ನಾನು ಏನು ಮಾಡುತ್ತಿದ್ದೆ? ಹೇಳಲು ನಾಚಿಕೆ. ಶಾಲೆಯ ಬಾಗಿಲಲ್ಲಿ ನಿಂತು, ಅಷ್ಟು ಮಕ್ಕಳು ಒಂದೇ ದನಿಯಲ್ಲಿ ನನ್ನ ಪದ್ಯ ಹಾಡುವುದನ್ನು ಕೇಳಿ ಉಬ್ಬಿ, ಚಿಟಿಕೆ ಹಾಕಿ ತಾಳ ಹಾಕುತ್ತಿದ್ದೆ. ಹುಡುಗಿ ನನ್ನ ಕಡೆ ತಿರುಗಿ ನೋಡಿದಳು. ನೋಡಿ, ಒಣ ಗುರ್ಜಿ ಹೊತ್ತುಕೊಂಡೇ ಏರು ಹತ್ತಿದಳು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಎರಡನೆಯ ಶನಿವಾರವೂ ಬಾರದಾಗ ಮೊದಲ ಸಲ ಮೇಲಿನ ಓಣಿಗೆ ಹೋದೆ. ಹುಡುಗಿ ಅಂಗಳದಲ್ಲಿ ಜೋಳದ ಹರಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅವಳ ಅವ್ವ ಕಂಬಳಿ ಹಾಸಿ, ನೀರು ಕೊಟ್ಟು, ಆಮೇಲೆ ಮಾತು ತೆಗೆದಳು.

"ಒಣಾ ಗುರ್ಜಿ ಮನಿಗಿ ಬರಬಾರದ್ರಿ ಅಕ್ಕೋರೆ. ಬಂತು. ಆವತ್ತಿಂದ ಇಕಿ ಬಾಯಿ ಬಿಟ್ಟಿಲ್ಲ. ಹಾಡು ಅಂದ್ರ, ನಾ ಹಾಡಿದ್ರ ಮಂದಿ ಬಾಗಲಾ ಹಾಕ್ತಾರ ಅಂತಾಳ."

"ತಪ್ಪಾತವ್ವ," ಎಂದೆ. ಅಷ್ಟಕ್ಕೇ ಬಿಡಬೇಕಿತ್ತು. ಟೀಚರ್ ಬಾಯಿ, ಸುಮ್ಮನಿರುತ್ತದೆಯೇ? "ಆದ್ರ ಪದ್ಯದಿಂದ ಮಳಿ ನಿಂದರತದೇನು? ಅಂಥಾದ್ದೆಲ್ಲಾ ನಂಬಬಾರದು."

ಆಕೆ ಸಿಟ್ಟಾಗಲಿಲ್ಲ. ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದಳು: "ಪದ್ಯದಿಂದ ಏನೂ ಆಗಂಗಿಲ್ಲಂದ್ರ, ವಾರಾ ವಾರಾ ಯಾಕ ಕಲಸ್ತೀರಿ?"

ಪದ್ಯಕ್ಕೆ ಶಕ್ತಿ ಇದೆ ಎಂದರೆ ಆ ಒಣ ಹೊಲಕ್ಕೆ ನಾನೇ ಹೊಣೆ. ಇಲ್ಲ ಎಂದರೆ ಇಷ್ಟು ವರ್ಷ ಗೋಡೆಯ ಮೇಲೆ ಬರೆದದ್ದೆಲ್ಲ ಏನು? ಏರು ಇಳಿಯುವಾಗ ಎರಡು ಸಲ ಎಡವಿದೆ.

ಗೋಡೆಯ ಮೂಲೆಯಲ್ಲಿ ಇನ್ನೂ ಉಳಿದಿದ್ದ ಆ ಪದ್ಯ ಒರೆಸಿದೆ. ಒರೆಸಿದರೇನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದೇ ವಾರ ಸುರಪುರದ ನನ್ನ ಓಣಿಯಲ್ಲೇ ಮಕ್ಕಳು ಗೊರಕೆ ಹೊಡೆಯುತ್ತ ಅದನ್ನೇ ಹಾಡುತ್ತಿದ್ದರು. ಗುರ್ಜವ್ವನನ್ನು ಎಬ್ಬಿಸುವ ಇನ್ನೊಂದು ಪದ್ಯ ಬರೆದು ಕಲಿಸಿದೆ. ತಿದ್ದಿ ತೀಡಿ ಬರೆದದ್ದು, ಉಪ್ಪಿಲ್ಲದ ಸಾರಿನ ಹಾಗಿತ್ತು. ಒಬ್ಬರೂ ಮನೆಗೆ ಒಯ್ಯಲಿಲ್ಲ.

ಮುಂದಿನ ಸೋಮವಾರ ಸಂಜೆ ಮತ್ತೆ ಏರು ಹತ್ತಿದೆ. ಏನು ಮಾಡಬೇಕೆಂದು ಗೊತ್ತಿತ್ತೆಂದಲ್ಲ, ಸುಮ್ಮನೆ ಕೂರಲು ಆಗಲಿಲ್ಲ. ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಗುರ್ಜಿ ನನ್ನ ತಲಿ ಮ್ಯಾಲ ಇಡು," ಎಂದೆ.

"ದೊಡ್ಡವ್ರು ಹೊರಂಗಿಲ್ರಿ," ಎಂದಳು. ಆ ಗುರ್ಜಿಯ ದಿನದಿಂದ ನನ್ನ ಕೂಡ ಆಡಿದ ಮೊದಲ ಮಾತು.

"ಒಣಾ ಮಾಡಿದಾಕಿ ನಾನು. ತೋಯಿಸಿಕೊಂಡು ಬರಾಕಿನೂ ನಾನು."

ಅವಳು ಅವ್ವನ ಮುಖ ನೋಡಿದಳು. ಅವ್ವ ಒಳಗಿನಿಂದ ಒಣ ಗುರ್ಜವ್ವ ಕೂತಿದ್ದ ಹಂಚು ತಂದುಕೊಟ್ಟಳು.

ಕೆಳಗಿನ ಓಣಿಗೆ ಬಂದಾಗ ಮಂದಿ ಬೆಕ್ಕಸ ಬೆರಗಾದರು. ಅಕ್ಕೋರ ತಲೆಯ ಮೇಲೆ ಗುರ್ಜಿ! ನಕ್ಕಿದ್ದ ಆ ಮನೆಯಾಕೆಯೇ "ಅಯ್ಯ ಶಿವನ, ಇದೇನ್ರಿ ಅಕ್ಕೋರೆ," ಎನ್ನುತ್ತ ತಂಬಿಗೆ ಹಿಡಿದು ಹೊರಬಂದಳು. ಆದರೆ ಹಾಡದೆ ನೀರು ಹಾಕುವಂತಿಲ್ಲ. ನಮ್ಮ ಹಿಂದೆಯೇ ಇಳಿದು ಬಂದಿದ್ದ ಮೇಲಿನ ಓಣಿಯ ಮಕ್ಕಳೆಲ್ಲ ಹುಡುಗಿಯನ್ನು ನೋಡಿದರು. ಹುಡುಗಿ ನೆಲ ನೋಡಿದಳು. ನಾನೇ ಬಾಯಿ ತೆರೆದೆ. ಬಂದದ್ದು ಏನು ಗೊತ್ತೇ? "ಸಾಕು ಗುರ್ಜವ್ವ..." ನನ್ನ ನಾಲಿಗೆಗೆ ಬೆಂಕಿ ಬೀಳಲಿ! ಬೇರೆ ಯಾವುದೂ ನೆನಪಾಗಲಿಲ್ಲ.

"ಹಂಗಲ್ರೀ!" ಎಂದು ಹುಡುಗಿ ಚೀರಿದಳು. ಸಿಟ್ಟಿನಲ್ಲೇ ಹಾಡು ಎತ್ತಿದಳು. ನನ್ನದೇ ಧಾಟಿ, ಮಾತು ಮಾತ್ರ ಅವಳವು:

ಕಾಲುವಿ ಕೆಳಗ ಹೋಗತದ, ತಿರುಗಿ ನೋಡಂಗಿಲ್ಲ.
ನೀ ಮಲಗಬ್ಯಾಡ ಗುರ್ಜವ್ವ, ನಮಗ ಯಾರೂ ಇಲ್ಲ.

ಕಟ್ಟೆಯ ಮೇಲಿದ್ದ ಮಕ್ಕಳು ಇಳಿದು ಹತ್ತಿರ ಬಂದರು. ಮನೆಯಾಕೆ ತಂಬಿಗೆಯ ನೀರನ್ನೆಲ್ಲ ಸುರಿದಳು. ಸೆಗಣಿ ನೀರು ನನ್ನ ಕಣ್ಣಿಗೆ ಇಳಿಯಿತು. ಅತ್ತೆನೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ, ಪುಣ್ಯ.

ಈ ಕತೆ ಕೇಳಿದವರೆಲ್ಲ ಮಳೆ ಬಂತೇ ಎನ್ನುತ್ತಾರೆ. ತಡವಾಗಿ ಬಂತು, ಅರ್ಧ ತೊಗರಿ ಉಳಿಯಿತು. ಮೇಲಿನ ಓಣಿಯವರು ಗುರ್ಜವ್ವ ತಂದಳು ಎಂದರು, ರೇಡಿಯೊದವರು ಬೇರೇನೋ ಹೇಳಿದರು. ಹುಡುಗಿ ಮರುದಿನವೇ ಶಾಲೆಗೆ ಬಂದಳು. ನಾನು ಈಗಲೂ ಸಭೆಗಳಲ್ಲಿ ನನ್ನ ನಾಲ್ಕು ಸಾಲು ಓದಿ, ಆಮೇಲೆ ಅವಳ ಎರಡು ಸಾಲು ಓದುತ್ತೇನೆ. ಅಂಥ ಎರಡು ಸಾಲು ನನಗೆ ಇನ್ನೂ ಬಂದಿಲ್ಲ.

ಅಂದು ಓಣಿಯೆಲ್ಲ ಸುತ್ತಿ ಏರು ಹತ್ತಿ ಬಂದಾಗ ಅವಳ ಅವ್ವ ಬಾಗಿಲಲ್ಲಿ ತುಂಬಿದ ಕೊಡ ಇಟ್ಟುಕೊಂಡು ನಿಂತಿದ್ದಳು. ಕಾಲುವೆಗೆ ಇಳಿದು, ತುಂಬಿಸಿ, ತಲೆಯ ಮೇಲೆ ಹೊತ್ತು ತಂದ ನೀರು. ಮೇಲಿನ ಓಣಿಗೆ ಕಾಲುವೆ ಬರುವುದು ಹಾಗೆ ಎಂದು ಆಗಲೇ ನಾನು ಕಂಡದ್ದು. "ಬ್ಯಾಡವ್ವ, ಒಂದು ತಂಬಿಗಿ ಸಾಕು," ಎಂದೆ. ಆಕೆ ಕೇಳಲಿಲ್ಲ. ಇಡೀ ಕೊಡ ನನ್ನ ಮೇಲೆ ಬರಿದು ಮಾಡಿ, ಅದನ್ನೇ ಸೊಂಟಕ್ಕಿಟ್ಟು ಮತ್ತೆ ಕಾಲುವೆಯ ಕಡೆ ಇಳಿದಳು.

ತೊಯ್ದು ತೊಪ್ಪೆಯಾಗಿ ನಿಂತಿದ್ದ ನನ್ನ ಮುಂದೆ ಹುಡುಗಿ ಬಂದು ಎರಡೂ ಕೈ ಮೇಲೆತ್ತಿದಳು.

"ಸಾಕ್ರಿ ಅಕ್ಕೋರೆ," ಎಂದಳು, "ಹಂಚು ಇಳಸ್ರಿ."