ಒಂದು ಚಮಚ ತಾಟೆ ಎಣ್ಣೆ

ಅವರ ಬಲಗೈ ಹೆಬ್ಬೆರಳು ಉಗುರಿನ ಬುಡದವರೆಗೂ ಹಳದಿ. ಎಷ್ಟು ತೊಳೆದರೂ ಮೊಣಕೈಯಲ್ಲಿ ಒಂದೆರಡು ಮೀನಿನ ಹುರುಪೆ ಅಂಟಿಕೊಂಡಿರುತ್ತಿದ್ದವು. ಹುರುಪೆ ಕಂಡದ್ದು ಖಾತ್ರಿ. ಹಳದಿಯನ್ನು ಬಹುಶಃ ನಾನೇ ಆಮೇಲೆ ನೆನಪಿನಲ್ಲಿ ಬಳಿದಿರಬೇಕು.

ಅಂಕೋಲೆಯಲ್ಲಿ ನಮ್ಮ ಪಕ್ಕದ ಮನೆಯವರು. ಮೀನು ಮಾರುತ್ತಿದ್ದರು; ನಾನು ಅಕ್ಕ ಎನ್ನುತ್ತಿದ್ದೆ. ತಾಟೆ, ಅಂದರೆ ಶಾರ್ಕ್ ಮೀನಿನ ಯಕೃತ್ತು ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ಸದಾ ಕೆಮ್ಮು. ಆ ಎಣ್ಣೆಗೆ ಅರಿಶಿನ ಕಲಸಿ ದಿನಾ ಒಂದು ಚಮಚ ಕುಡಿಸುತ್ತಿದ್ದರು.

ಮುಂದೆ ವಿಶ್ವವಿದ್ಯಾಲಯದಲ್ಲಿ ನಾನು ಹಿಡಿದ ಸಂಶೋಧನೆಯೂ ಅರಿಶಿನದ್ದೇ. ಅದರ ಸಾರ ನೀರಿನಲ್ಲಿ ಕರಗುವುದಿಲ್ಲ. ನುಂಗಿದರೂ ರಕ್ತಕ್ಕೆ ಸೇರುವುದು ಕಡಿಮೆ. ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಕಣಗಳಲ್ಲಿ ತುಂಬಿ, ವಿಟಮಿನ್ ಇ-ಯಿಂದ ತಯಾರಿಸಿದ ಪದಾರ್ಥವೊಂದನ್ನು ಮೇಲೆ ಹೊದಿಸುತ್ತೇವೆ. ಅದರ ಒಂದು ತುದಿ ಕೊಬ್ಬನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಉಪನ್ಯಾಸಗಳನ್ನೆಲ್ಲ ಅಕ್ಕನ ಮಾತಿನಿಂದಲೇ ಶುರುಮಾಡುತ್ತಿದ್ದೆ: ‘ಎಣ್ಣೆ ಇಲ್ದೆ ಅರಿಶಿನ ಮೈಗೆ ಹತ್ತೂದಿಲ್ಲ.’ ಚಪ್ಪಾಳೆ ಬೀಳುತ್ತಿತ್ತು.

ಹೋದ ವರ್ಷ ನನ್ನ ಪುಸ್ತಕದ ಮುನ್ನುಡಿಗೆ ಅದನ್ನೇ ಬರೆಯಲು ಕೂತಾಗ ಕೈ ನಿಂತಿತು. ಅವರು ಹಾಗೆ ಹೇಳಿದ್ದು ಎಲ್ಲಿ, ಯಾವಾಗ? ಅಚ್ಚಾದರೆ ಅದೇ ನಿಜವಾಗಿಬಿಡುತ್ತದೆ. ಎರಡು ದಿನ ತಡೆದೆ. ಮೂರನೆಯ ದಿನ ಕಾರವಾರದ ಬಸ್ಸು ಹತ್ತಿದೆ.

ಅಕ್ಕ ಕಾರವಾರದ ಪಕ್ಕದ ದೇವಬಾಗದಲ್ಲಿ ಮಗಳ ಮನೆಯಲ್ಲಿದ್ದರು. ಕಾಯಿಲೆ ಜೋರಾಗಿತ್ತು, ಗುಳಿಗೆ ಮಾತ್ರ ಬಾಯಿಗೆ ಹಾಕುತ್ತಿರಲಿಲ್ಲ. ಡಾಕ್ಟರನ್ನು ಕೇಳಿಕೊಂಡೇ ಮಗಳು ಅದನ್ನು ಪುಡಿ ಮಾಡಿ ಗಂಜಿಗೆ ಬೆರೆಸಿ, ಮೇಲೆ ಉಪ್ಪಿನಕಾಯಿ ರಸ ಬಿಟ್ಟು ಕೊಡುತ್ತಿದ್ದಳು. ನನ್ನ ಪ್ರಶ್ನೆ ಕೇಳಿ ಅವರು ಚಮಚ ಕೆಳಗಿಟ್ಟರು.

“ನಾ ಹಾಂಗೆ ಎಲ್ ಹೇಳಿದೆ ತಮಾ? ಎಣ್ಣೆ ವಾಸ್ನೆಗೇ ನೀ ಓಡ್ತಿದ್ದೆ. ಅರಿಶಿನ ಕಲ್ಸಿ, ಜೇನುತುಪ್ಪ ಹೇಳಿ ಸುಳ್ಳ್ ಹೊಡ್ದು ಕುಡಿಸ್ತಿದ್ದೆ. ಔಷಧ ಎಣ್ಣೆನೇ. ಅರಿಶಿನ ಬರೇ ಬಣ್ಣಕ್ಕೆ.”

ನನ್ನ ಕಥೆಯಲ್ಲಿ ಎಣ್ಣೆ ಅರಿಶಿನವನ್ನು ಹೊತ್ತಿತ್ತು. ಅವರ ಚಮಚದಲ್ಲಿ ಅರಿಶಿನವೇ ಎಣ್ಣೆಯನ್ನು ಹೊತ್ತಿತ್ತು.

ಆಮೇಲೆ ಗಂಜಿಯ ಬಟ್ಟಲು ತೋರಿಸಿ, ಮಗಳಿಗೂ ಕೇಳುವಂತೆ ಪಿಸುಗುಟ್ಟಿದರು: “ಈಗ ಇವ್ಳು ನಂಗೇ ಹಾಂಗೆ ಮಾಡ್ತಳೆ. ಗೊತ್ತಿದ್ದೂ ಉಣ್ತೆ. ನಿಂಗೂ ಗೊತ್ತಿತ್ತು, ಅಲ್ವಾ?”

ಹೌದು ಎಂದೆ. ನೆನಪಿದ್ದು ಹೇಳಿದ್ದಲ್ಲ.

ತಿಂಗಳೊಪ್ಪತ್ತಿನಲ್ಲಿ ಅವರು ತೀರಿಕೊಂಡರು. ಮುನ್ನುಡಿಯಿಂದ ಆ ಸಾಲು ತೆಗೆದೆ. ಅಲ್ಲಿ ಬೇರೇನು ಬರೆದರೂ ನಿಲ್ಲಲಿಲ್ಲ. ಕೆಮ್ಮು ವಾಸಿಯಾದದ್ದು ಎಣ್ಣೆಯಿಂದಲೋ, ವಯಸ್ಸಿನಿಂದಲೋ, ಹೇಳಲಾರೆ. ಪುಸ್ತಕವನ್ನು ಅವರಿಗೇ ಅರ್ಪಿಸಿದ್ದೇನೆ. ಯಾಕೆಂದು ಬರೆದಿಲ್ಲ.